ಅಡೂರಿನ ಹಾದಿಯಲ್ಲಿ ಒಂದು ಹಳೆಯ ಜೀಪು

ಚೆರ್ಕಳದಲ್ಲಿ ಹೆದ್ದಾರಿಯನ್ನು ಬಿಟ್ಟು ಜಾಲ್ಸೂರಿನ ರಸ್ತೆಗೆ ತಿರುಗಿದೊಡನೆ ಕಡಲ ಗಾಳಿ ಹಿಂದುಳಿಯುತ್ತದೆ. ಬೋವಿಕ್ಕಾನದ ಆಸುಪಾಸಿನಲ್ಲಿ ಗೇರುಗುಡ್ಡೆಗಳು, ಬಳಿಕ ಕಾರಡ್ಕದ ಕಾಡಿನ ನೆರಳು, ಮುಳ್ಳೇರಿಯವನ್ನು ದಾಟಿದರೆ ತಗ್ಗುಗಳಲ್ಲೆಲ್ಲ ಅಡಿಕೆಯ ತೋಟಗಳು. ಮುಂದೆ ಆದೂರು, ಇನ್ನೂ ಒಳಗೆ ಹೋದರೆ ಅಡೂರು. ಹೊರಗಿನಿಂದ ಬಂದವರಿಗೆ ಈ ಎರಡು ಹೆಸರುಗಳು ಒಂದೇ ಆಗಿ ಕೇಳಿಸುತ್ತವೆ. ಆದೂರಿಗೆ ಹೋಗಬೇಕಾದ ಮದುವೆಯ ದಿಬ್ಬಣ ಅಡೂರಿಗೆ ಹೋಗಿ ಮರಳಿದ ಕತೆಯನ್ನು ನಮ್ಮ ಮನೆಯಲ್ಲಿ ಹಿರಿಯರು ಈಗಲೂ ಹೇಳಿ ನಗುವುದುಂಟು.

ನನ್ನ ಸೋದರಮಾವಂದಿರ ಮನೆ ಅಡೂರಿನ ಕಡೆಗೆ, ಟಾರು ಮುಗಿದ ಮೇಲೆ ಸುಮಾರು ಒಂದು ಮೈಲಿನಷ್ಟು ಮುರಕಲ್ಲಿನ ದಾರಿಯ ಕೊನೆಯಲ್ಲಿದೆ. ಈ ದಾರಿಯ ನಡುವೆ ಒಂದು ತೋಡು. ಬೇಸಗೆಯಲ್ಲಿ ಅದರಲ್ಲಿ ಕಾಲು ತೊಳೆಯುವಷ್ಟು ನೀರೂ ಇರುವುದಿಲ್ಲ. ಆಟಿಯ ಮಳೆಗೆ ಅದು ಸೊಂಟದ ಮಟ್ಟಕ್ಕೆ ಏರಿ, ಕೆಂಪಗೆ ಕದಡಿ, ಪಯಸ್ವಿನಿಯತ್ತ ಧಾವಿಸುತ್ತದೆ. ಕಿರುಸೇತುವೆ ಆಗುವ ಮೊದಲು ಆಚೆಯ ಮನೆಗಳ ಮಕ್ಕಳು ಮಳೆಗಾಲದಲ್ಲಿ ಶಾಲೆಗೆ ಹೋಗುತ್ತಿದ್ದುದು ದೊಡ್ಡಮಾವನ ಜೀಪಿನಲ್ಲಿ. ರಜೆಗೆ ಹೋದಾಗ ನಾನೂ ಆ ಜೀಪಿನ ಹಿಂಬದಿಯ ಕಬ್ಬಿಣದ ಬೆಂಚಿನಲ್ಲಿ ಹನ್ನೆರಡು ಮಂದಿಯ ನಡುವೆ ಕುಳಿತವನು. ಚೀಲಗಳೆಲ್ಲ ಬಾನೆಟ್ಟಿನ ಮೇಲೆ, ಚೀಲಗಳ ಮೇಲೊಂದು ಟರ್ಪಾಲು. ನೀರಿಗಿಳಿಯುವ ಮೊದಲು ಮಾವ ಫ್ಯಾನ್ ಬೆಲ್ಟನ್ನು ಕಳಚಿಡುತ್ತಿದ್ದರು. ಫ್ಯಾನು ನೀರನ್ನು ಎಂಜಿನ್ನಿನ ಮೇಲೆ ಎರಚಬಾರದೆಂದು.

ವಿಷು ಕಳೆದ ಮರುವಾರ ಸಣ್ಣಮಾವ ಫೋನು ಮಾಡಿದರು. ಜೀಪನ್ನು ಕೊಟ್ಟುಬಿಡುವುದೆಂದು ನಿಶ್ಚಯವಾಗಿದೆ. ಗುಜರಿಯವನು 28,000 ರೂಪಾಯಿ ಹೇಳಿದ್ದಾನೆ, ಸುಳ್ಯದ ಕಡೆಯ ಒಬ್ಬರು 60,000 ಹೇಳಿದ್ದಾರೆ, ಭಾನುವಾರ ಹಣ ತರುತ್ತಾರೆ. ಕಾಗದಗಳನ್ನು ನೀನೊಮ್ಮೆ ನೋಡಿಬಿಡು ಎಂದರು. ಮಳೆಗೆ ಮೊದಲು ಅತ್ತೆಯ ಮನೆಯ ಪಕ್ಕಾಸು ಬದಲಿಸದಿದ್ದರೆ ಮಾಡು ನಿಲ್ಲುವಂತಿಲ್ಲ; ಹಣ ಬೇಕಾದುದು ಅದಕ್ಕಾಗಿ. ಮುಳ್ಳೇರಿಯದಲ್ಲಿ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಶನಿವಾರ ಬೆಳಿಗ್ಗೆಯೇ ಹೊರಟೆ.

ಜೀಪು ಅಡಿಕೆ ಅಂಗಳದ ಬದಿಯ ಕೊಟ್ಟಿಗೆಯಲ್ಲಿ ನಾಲ್ಕು ಮುರಕಲ್ಲುಗಳ ಮೇಲೆ ನಿಂತಿತ್ತು. ಎತ್ತರದ ಬಾನೆಟ್ಟಿನ ಸಿ.ಜೆ. 3ಬಿ. ಅಮೆರಿಕದ ವಿಲ್ಲೀಸ್ ಕಂಪೆನಿ 1953ರಲ್ಲಿ ಹೊರತಂದ ಮಾದರಿಯಿದು. ಹೊಸ ಎಂಜಿನ್ ಹಿಂದಿನದಕ್ಕಿಂತ ಎತ್ತರವಾಗಿದ್ದುದರಿಂದ ಬಾನೆಟ್ಟನ್ನೇ ಏರಿಸಬೇಕಾಯಿತು. ಅಲ್ಲಿ 1968ರಲ್ಲಿ ಇದರ ತಯಾರಿ ನಿಂತಿತು. ನಮ್ಮ ದೇಶದಲ್ಲಿ ಮಹೀಂದ್ರದವರು ಆ ಬಳಿಕವೂ ಅದೇ ರೂಪದ ಜೀಪುಗಳನ್ನು ದಶಕಗಳ ಕಾಲ ಮಾಡುತ್ತಿದ್ದರು. ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವಿನ ಅಂತರ ಕೇವಲ 80 ಇಂಚು. ತೋಟದ ಕಿರಿದಾದ ತಿರುವುಗಳಲ್ಲಿ ಅದು ಆಡಿನಂತೆ ತಿರುಗುತ್ತಿದ್ದುದು ಆ ಗಿಡ್ಡತನದಿಂದಲೇ.

ಮೆಕ್ಯಾನಿಕ್ ಮೊದಲು ಕೈಗೆತ್ತಿಕೊಂಡದ್ದು ಒಂದು ಸಣ್ಣ ಸುತ್ತಿಗೆಯನ್ನು. ತುಕ್ಕನ್ನು ಕಣ್ಣಿನಿಂದ ನೋಡುವುದಲ್ಲ, ಕಿವಿಯಿಂದ ಕೇಳುವುದು ಎಂದರು. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಒಳಗೆ ತಿಂದುಹೋದದ್ದು ಒಡೆದ ಮಡಕೆಯಂತೆ ಸಪ್ಪಗೆ ನುಡಿಯುತ್ತದೆ. ಮೇಲ್ಮೈಯಲ್ಲಿ ಅರಸಿನದ ಹುಡಿಯಂತೆ ಕೂತ ತುಕ್ಕು ಉಜ್ಜಿದರೆ ಹೋಗುತ್ತದೆ. ಪದರಪದರವಾಗಿ ಎದ್ದದ್ದಾದರೆ ಕಬ್ಬಿಣವೇ ಅಷ್ಟು ಸವೆದಿದೆ ಎಂದರ್ಥ. ಸ್ಕ್ರೂಡ್ರೈವರು ಒಳಗೆ ಇಳಿದರೆ ಮಾತೇ ಇಲ್ಲ.

ಬಲಬದಿ ಸಾಕಷ್ಟು ಚೆನ್ನಾಗಿತ್ತು. ಎಡಬದಿಯ ತಗಡು ಮಾತ್ರ ಜರಡಿಯಾಗಿತ್ತು. ಕಾಲಿಡುವ ಹಲಗೆಯ ತೂತಿನಲ್ಲಿ ಕೋಳಿಯೊಂದು ಇಣುಕುತ್ತಿತ್ತು. ಒಂದೇ ಮಾಡಿನ ಅಡಿಯಲ್ಲಿ ಹೀಗೇಕೆ ಎಂದು ನಾವು ಅಚ್ಚರಿಪಡುತ್ತಿದ್ದಾಗ ಅತ್ತೆಯೇ ಕಾರಣವನ್ನು ಹೇಳಿದರು. ಎಡಬದಿಗೆ ಒತ್ತಿ ವರ್ಷಗಳ ಕಾಲ ಪೊಟ್ಯಾಷ್ ಗೊಬ್ಬರದ ಗೋಣಿಗಳನ್ನು ಪೇರಿಸಿಡುತ್ತಿದ್ದರಂತೆ. ಅದೂ ಒಂದು ಬಗೆಯ ಉಪ್ಪೇ. ಗಾಳಿಯ ತೇವವನ್ನು ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ನಮ್ಮಲ್ಲಿ ತೋಟದ ಸಲಕರಣೆ ಇಡುವ ಕೊಟ್ಟಿಗೆ ಇರುವವರೆಲ್ಲ ಇದನ್ನು ಗಮನಿಸುವುದು ಒಳ್ಳೆಯದು.

ಆದರೆ ಮೆಕ್ಯಾನಿಕ್ ತಗಡಿಗಾಗಿ ಹೆಚ್ಚು ಮರುಗಲಿಲ್ಲ. ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಬಹುದು, ಇಡೀ ಬಾಡಿಯನ್ನೇ ಹೊಸದಾಗಿ ಮಾಡಿಸಲೂ ಬಹುದು, ಚಾಸಿಸ್ ಹಾಗಲ್ಲ. ಅವರು ಗೋಣಿ ಹಾಸಿ ಅಡಿಗೆ ನುಸುಳಿ ಪಟ್ಟಿಗಳು ಕೂಡುವ ಜಾಗ, ಹಿಂಬದಿಯ ಅಡ್ಡತೊಲೆ, ಬಾಡಿಯನ್ನು ಬಿಗಿದ ಕಿವಿಗಳು, ಹೀಗೆ ಒಂದೊಂದನ್ನೇ ಬಡಿದು ಕೇಳಿದರು. ಎಲ್ಲವೂ ಠಣ್ ಎಂದಿತು. ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಗೇರಿನ ಎರಡು ಸಣ್ಣ ಲಿವರುಗಳು ತುಸು ಕೊಸರಾಡಿ ಬಿದ್ದವು. ಟಯರು, ವಯರು, ಗಾಜು ಇವಾವುದೂ ಲೆಕ್ಕಕ್ಕಿಲ್ಲ ಎಂದರು. ಚಾಸಿಸಿನ ಮೇಲೆ ಕೊರೆದ ಸಂಖ್ಯೆಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜಿ ಓದಿದರು, ನಾನು ಆರ್.ಸಿ. ಪುಸ್ತಕದೊಂದಿಗೆ ತಾಳೆನೋಡಿದೆ. ಸರಿಯಾಗಿತ್ತು.

ಎಂಜಿನ್ನಿನ ಸಂಖ್ಯೆ ಸರಿಯಾಗಲಿಲ್ಲ. ಪುಸ್ತಕದಲ್ಲಿ ಇರುವುದು ಪೆಟ್ರೋಲು, ಬಾನೆಟ್ಟಿನ ಅಡಿಯಲ್ಲಿ ಇರುವುದು ಡೀಸೆಲ್. ಪೆಟ್ರೋಲಿನ ಬೆಲೆ ತಡೆಯದೆ ಮಲೆನಾಡಿನ ಅನೇಕರು ಮಾಡಿದ್ದನ್ನೇ ನಮ್ಮವರೂ ಮಾಡಿದ್ದರು. ಆದರೆ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಸೆಕ್ಷನ್ನಿನಂತೆ ಇಂತಹ ಬದಲಾವಣೆಯನ್ನು ಪುಸ್ತಕದಲ್ಲಿ ಬರೆಯಿಸಬೇಕು. ಬರೆಯಿಸಿರಲಿಲ್ಲ.

ಆ ಪುಸ್ತಕವೇ ಒಂದು ಚರಿತ್ರೆ. ಮೊದಲ ನೋಂದಣಿ 1971ರಲ್ಲಿ, ಕಣ್ಣೂರಿನ ಮೊಹರಿನೊಂದಿಗೆ; ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಷ್ಟೆ. ಮಾಲಿಕರ ಹೆಸರು ದೊಡ್ಡಮಾವನದು. ಅವರು ತೀರಿಕೊಂಡು ಎಂಟು ವರ್ಷವಾಯಿತು.

“ಸುಳ್ಯದವರು ಫಾರ್ಮುಗಳನ್ನು ಕಳಿಸಿದ್ದಾರೆ,” ಎಂದು ಸಣ್ಣಮಾವ 29 ಮತ್ತು 30ನೆಯ ನಮೂನೆಗಳನ್ನು ಮುಂದಿಟ್ಟರು. “ದಿನಾಂಕ ಹಾಕುವುದು ಬೇಡವಂತೆ. ಅಣ್ಣನ ಸಹಿ ನನಗೆ ಬರುತ್ತದೆ.”

ಅವರ ದನಿಯಲ್ಲಿ ಕಪಟವಿರಲಿಲ್ಲ. ಅಣ್ಣ ಹಾಸಿಗೆ ಹಿಡಿದಿದ್ದಾಗ ಸೊಸೈಟಿಯ ಎಷ್ಟೋ ಕಾಗದಗಳಿಗೆ ಅವರೇ ಸಹಿ ಮಾಡಿದ್ದಿರಬೇಕು. ನಾನು ಲೇಖನಿಯನ್ನು ಅವರ ಕೈಯಿಂದ ತೆಗೆದುಕೊಂಡೆ. “ಮಾವ, ತೀರಿಹೋದವರ ಸಹಿ ಹಾಕಿದರೆ ಅದು ಖೋಟಾ ದಸ್ತಾವೇಜು. ಜೈಲಿನ ಮಾತು,” ಎಂದೆ. ಅಷ್ಟೇ ಅಲ್ಲ, ನೋಂದಣಿ ಬದಲಾಗದೆ ಆ ಜೀಪು ರಸ್ತೆಗಿಳಿದು ಯಾರಿಗಾದರೂ ಬಡಿದರೆ, ಪರಿಹಾರದ ಹೊಣೆ ಪುಸ್ತಕದಲ್ಲಿ ಹೆಸರಿರುವ ಮಾಲಿಕನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಮಾರಿದ್ದೇನೆಂಬ ಚೀಟಿ ಕೈಯಲ್ಲಿದ್ದರೆ ಸಾಲದು. ದೊಡ್ಡಮಾವ ಇಲ್ಲದಿರುವಾಗ ಆ ದಾವೆ ಅವರು ಬಿಟ್ಟುಹೋದ ತೋಟವನ್ನು ಅರಸಿಕೊಂಡು ಬರುತ್ತದೆ.

ಇನ್ನೊಂದು ಮಾತನ್ನು ಹೇಳಲು ನನಗೆ ಬಾಯಿ ಬರಲಿಲ್ಲ, ಆದರೂ ಹೇಳಬೇಕಾಯಿತು. ಜೀಪು ದೊಡ್ಡಮಾವನ ಸ್ವಂತ ಸಂಪಾದನೆ. ಅದರ ವಾರಸುದಾರರು ಅತ್ತೆ, ಮಗ, ಮಗಳು. ಹೆಂಡತಿ ಮಕ್ಕಳು ಇರುವಾಗ ತಮ್ಮನಿಗೆ ಪಾಲಿಲ್ಲ. ಹಾಗಾಗಿ ಮಾರುವ ಹಕ್ಕೂ ಸಣ್ಣಮಾವನಿಗಿಲ್ಲ. ಇಷ್ಟು ವರ್ಷ ಅದನ್ನು ಒರಸಿ, ಕಲ್ಲಿನ ಮೇಲೆ ಎತ್ತಿಟ್ಟು, ಇಲಿ ಬಾರದಂತೆ ಕಾದವರು ಅವರು. ಡೀಸೆಲ್ ಎಂಜಿನ್ನಿಗೆ ಹಣ ಕೊಟ್ಟವರೂ ಅವರೇ. ಮಾವ ಏನೂ ಅನ್ನಲಿಲ್ಲ. ಎದ್ದು ಹೋಗಿ ಅಂಗಳದ ಅಡಿಕೆಯನ್ನು ಕಾಲಿನಿಂದ ಹರಡತೊಡಗಿದರು.

ಬಹಳ ಹೊತ್ತಿನ ಮೇಲೆ ಮೆಕ್ಯಾನಿಕ್ ಮೆಲ್ಲಗೆ ಕೇಳಿದರು: “ತೆಗೆದ ಪೆಟ್ರೋಲ್ ಎಂಜಿನ್ ಏನಾಯಿತು?”

“ಅದು ಹಟ್ಟಿಯ ಹಿಂದೆ ಉಂಟು,” ಎಂದರು ಮಾವ ತಿರುಗಿ ನೋಡದೆ. “ಅಣ್ಣ ಮಾರಲು ಬಿಡಲಿಲ್ಲ.”

ಹಾಳೆ, ಸೋಗೆಗಳ ರಾಶಿಯನ್ನು ಸರಿಸಿದಾಗ ಮರದ ದಿಮ್ಮಿಗಳ ಮೇಲೆ ಟರ್ಪಾಲು ಸುತ್ತಿದ ಎಂಜಿನ್ ಕಾಣಿಸಿತು. ಸಂಖ್ಯೆ ಪುಸ್ತಕದಲ್ಲಿ ಇದ್ದದ್ದೇ. ಹ್ಯಾಂಡಲು ಹಾಕಿ ಒತ್ತಿದರೆ ಕದಲಲಿಲ್ಲ. ಮೆಕ್ಯಾನಿಕ್ ನಾಲ್ಕೂ ಪ್ಲಗ್ಗುಗಳನ್ನು ಕಳಚಿ, ಆ ತೂತುಗಳಿಗೆ ಡೀಸೆಲ್ ಹಾಗೂ ಎಂಜಿನ್ ಆಯಿಲನ್ನು ಬೆರೆಸಿ ಹೊಯ್ದು, ವಾರದ ತನಕ ಬಲ ಹಾಕಬೇಡಿ ಎಂದರು. ಒಳಗೆ ಬಿರುಕಿಲ್ಲದೆ, ಕಾಗದವೂ ಸರಿಯಾದರೆ, ಒಂದೂವರೆ ಲಕ್ಷಕ್ಕೆ ಕಡಿಮೆ ಮಾತಾಡಬೇಡಿ ಎಂದೂ ಹೇಳಿದರು.

ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ವಾಹನಗಳಿಗೆ 2021ರಿಂದ ವಿಂಟೇಜ್ ನೋಂದಣಿಯ ಸೌಲಭ್ಯವಿದೆ. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಪ್ರದರ್ಶನ, ರ‍್ಯಾಲಿಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ಹಳೆಯ ಎಂಜಿನ್ ಮರಳಿ ಕೂತರೆ ಕೊಳ್ಳುವವರು ಆ ಹಾದಿಯನ್ನು ಯೋಚಿಸಬಹುದು. ನಮ್ಮ ಕೆಲಸ ಅದಕ್ಕಿಂತ ಹಿಂದಿನದು: ಮರಣ ಪತ್ರದೊಂದಿಗೆ 31ನೆಯ ನಮೂನೆಯಲ್ಲಿ ಅತ್ತೆಯ ಹೆಸರಿಗೆ ವರ್ಗಾವಣೆ, ಮಕ್ಕಳಿಬ್ಬರ ಒಪ್ಪಿಗೆ, ಅವಧಿ ಮುಗಿದ ನೋಂದಣಿಯ ನವೀಕರಣ, ಕೊಳ್ಳುವವರು ಗಡಿಯಾಚೆಯವರಾದರೆ ನಿರಾಕ್ಷೇಪಣಾ ಪತ್ರ. ಮೂರು ತಿಂಗಳೊಳಗೆ ಕೊಡಬೇಕಾಗಿದ್ದ ಅರ್ಜಿಗೆ ಎಂಟು ವರ್ಷ ತಡವಾದುದಕ್ಕೆ ದಂಡವನ್ನೂ ತೆರಬೇಕು.

ಊಟಕ್ಕೆ ಕುಳಿತಾಗ ಅತ್ತೆ ಸಾರು ಬಡಿಸುತ್ತ, “ಡೀಸೆಲ್ ಎಂಜಿನ್ ನಿನ್ನ ಮಾವನದು. ಅದನ್ನು ಬೇರೆಯೇ ಮಾರಿ. ಪಕ್ಕಾಸಿಗೆ ಅಷ್ಟು ಹಣವನ್ನು ನಾನು ಅವರಿಂದ ಸಾಲವಾಗಿ ತೆಗೆದುಕೊಳ್ಳುತ್ತೇನೆ,” ಎಂದರು. ಮಾವ ತಲೆಯೆತ್ತದೆ, “ಸಾಲ ಯಾಕೆ,” ಎಂದಷ್ಟೇ ಹೇಳಿ ಮಜ್ಜಿಗೆಗೆ ಕೈ ಚಾಚಿದರು. ಸುಳ್ಯದವರಿಗೆ ಭಾನುವಾರ ಬರುವುದು ಬೇಡವೆಂದು ಫೋನು ಮಾಡಿದವರೂ ಅವರೇ.

ಸಂಜೆ ಹೊರಡುವ ಮೊದಲು ಅತ್ತೆ ಚಾವಡಿಯಲ್ಲಿ ಕುಳಿತು, ಕನ್ನಡಕವನ್ನು ಸರಿಪಡಿಸಿಕೊಂಡು, 31ನೆಯ ನಮೂನೆಯ ಕೆಳಗೆ ದುಂಡಗಿನ ಕನ್ನಡ ಅಕ್ಷರಗಳಲ್ಲಿ ತಮ್ಮ ಹೆಸರನ್ನು ಬರೆದರು. ಮುಂದಿನ ಶನಿವಾರ ಮೆಕ್ಯಾನಿಕ್ ಹಟ್ಟಿಯ ಹಿಂದಿನಿಂದಲೇ ಫೋನು ಮಾಡಿದರು. ಹ್ಯಾಂಡಲು ಕಾಲು ಸುತ್ತು ತಿರುಗಿದೆಯಂತೆ.