ಒಂದು ಬಾವಿ, ಎಂಟು ಮನೆ

ಬೆಳಗಿನ ಜಾವ ಐದೂವರೆಗೆ ಹಾಸನದ ಕಡೆಯ ಆ ಮನೆಯಲ್ಲಿ ಫೋನು ಸದ್ದು ಮಾಡಿದರೆ ಅದು ಮಗಳದೇ. ಜರ್ಮನಿಯಲ್ಲಿ ಆಗ ರಾತ್ರಿ ಎರಡು ಗಂಟೆ. ಆ ಹೊತ್ತಿನಲ್ಲಿ ಎದ್ದು ಕುಳಿತ ಹುಡುಗಿಗೆ ನೆಮ್ಮದಿಯಿಲ್ಲ ಎಂಬುದು ನಿವೃತ್ತ ಪ್ರಾಥಮಿಕ ಶಾಲಾ ಮುಖ್ಯೋಪಾಧ್ಯಾಯರಾದ ತಂದೆಗೆ ಯಾರೂ ಹೇಳಬೇಕಾಗಿರಲಿಲ್ಲ.

“ಇವತ್ತೂ ಸತ್ತುಹೋಯ್ತಪ್ಪ” ಎಂದಳು ಮಗಳು.

ಸತ್ತದ್ದು ಮನುಷ್ಯರಲ್ಲ, ಒಂದು ಲೆಕ್ಕ. ಜಿನೀವಾ ಬಳಿ ನೆಲದಡಿಯ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಪ್ರೋಟಾನುಗಳನ್ನು ಡಿಕ್ಕಿ ಹೊಡೆಸುವ ಸರ್ನ್ ಸಂಸ್ಥೆಯ ಯಂತ್ರದ ಬಗ್ಗೆ ಪತ್ರಿಕೆ ಓದುವವರಿಗೆಲ್ಲ ಗೊತ್ತು. 2012ರ ಜುಲೈ 4ರಂದು ಹಿಗ್ಸ್ ಕಣದ ಸುದ್ದಿ ಹೊರಬಿದ್ದದ್ದು ಅಲ್ಲಿಂದಲೇ. ಆ ಡಿಕ್ಕಿಗಳ ಮಾಹಿತಿಯನ್ನು ಸೋಸಲು ಒಂದು ಊರಿನ ಕಂಪ್ಯೂಟರುಗಳು ಸಾಲವು. ಆದ್ದರಿಂದ ನಲವತ್ತಕ್ಕೂ ಹೆಚ್ಚು ದೇಶಗಳ ಸುಮಾರು 170 ಕೇಂದ್ರಗಳನ್ನು ಹೆಣೆದು ‘ಗ್ರಿಡ್’ ಎಂಬ ಜಾಲ ಕಟ್ಟಿದ್ದಾರೆ. ನಮ್ಮ ದೇಶದಿಂದ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಕೋಲ್ಕತ್ತದ ಸೈಕ್ಲೋಟ್ರಾನ್ ಕೇಂದ್ರಗಳೂ ಅದರಲ್ಲಿವೆ. ವಿದ್ಯಾರ್ಥಿಯೊಬ್ಬಳು ತನ್ನ ಲೆಕ್ಕವನ್ನು ಸರದಿಗೆ ಸೇರಿಸಿದರೆ ಯಾವುದೋ ದೇಶದ ಯಾವುದೋ ಯಂತ್ರ ಅದನ್ನು ಎತ್ತಿಕೊಂಡು ಮಾಡಿ ಮುಗಿಸುತ್ತದೆ.

ಆದರೆ ಕಳುಹಿಸುವಾಗಲೇ ಒಂದು ಮಾತು ಕೊಡಬೇಕು. ಇಷ್ಟು ಗಂಟೆ ಹಿಡಿಯುತ್ತದೆ, ಇಷ್ಟು ಮೆಮೊರಿ ಬೇಕು ಎಂದು. ಮೆಮೊರಿ ಎಂದರೆ ಕಂಪ್ಯೂಟರು ಕೆಲಸ ಮಾಡುವಾಗ ಕೈಗೆಟಕುವಂತೆ ಹರಡಿಕೊಳ್ಳುವ ಮೇಜು. ಡಿಸ್ಕು ಪಕ್ಕದ ಬೀರು. ಒಂದೇ ಯಂತ್ರದಲ್ಲಿ ಹತ್ತಾರು ಜನರ ಲೆಕ್ಕಗಳು ಒಂದೇ ಮೇಜನ್ನು ಹಂಚಿಕೊಂಡಿರುತ್ತವೆ. ಒಬ್ಬರು ಮೇಜಿನ ತುಂಬ ಹರಡಿಕೊಂಡರೆ ಎಲ್ಲರ ಕೆಲಸವೂ ನಿಲ್ಲುತ್ತದೆ. ಅದಕ್ಕಾಗಿ ಪ್ರತಿ ಕೇಂದ್ರದಲ್ಲೂ ಒಂದು ಕಾವಲು ಪ್ರೋಗ್ರಾಮ್ ಇರುತ್ತದೆ. ಕೊಟ್ಟ ಮಾತು ಮೀರಿದ ಲೆಕ್ಕವನ್ನು ಅದು ಮುಲಾಜಿಲ್ಲದೆ ಕೊಲ್ಲುತ್ತದೆ. ಆರು ಗಂಟೆ ಓಡಿದ ಲೆಕ್ಕವಾದರೂ ಅಷ್ಟೆ, ಮತ್ತೆ ಮೊದಲಿನಿಂದ ಶುರು.

ಹುಡುಗಿ ಎಂಟು ಪ್ರೊಸೆಸರುಗಳ ಲೆಕ್ಕಕ್ಕೆ 16 ಗಿಗಾಬೈಟ್ ಕೇಳಿದ್ದಳು, ತಲೆಗೆ ಎರಡರಂತೆ. ಗ್ರಿಡ್‌ನಲ್ಲಿ ಬಹುಕಾಲ ನಡೆದುಬಂದ ವಾಡಿಕೆಯೂ ಅದೇ. ಆದರೂ ಮೂರು ರಾತ್ರಿ ಮೂರು ಸಲ ‘ಮೆಮೊರಿ ಮೀರಿದೆ’ ಎಂಬ ಒಂದೇ ಸಾಲಿನ ಮರಣಪತ್ರ ಬಂದಿತ್ತು. ಪ್ರಬಂಧ ಒಪ್ಪಿಸಲು ಐದು ವಾರ ಉಳಿದಿತ್ತು. ವಿದ್ಯಾರ್ಥಿವೇತನವೂ ಅಲ್ಲಿಗೇ ಮುಗಿಯುವುದಿತ್ತು. “ನನಗೇ ಪ್ರೋಗ್ರಾಮ್ ಬರೆಯಲು ಬರೋದಿಲ್ಲ ಅನ್ನಿಸುತ್ತೆ. ವಾಪಸ್ ಬಂದುಬಿಡಲಾ?” ಎಂದಳು.

ತಂದೆಗೆ ಕಂಪ್ಯೂಟರು ತಿಳಿಯದು. ಆದರೆ ಮಾಸ್ತರಿಕೆಯ ಜೊತೆಗೆ ಅವರು ಜನಗಣತಿಯ ಕೆಲಸವನ್ನೂ ಮಾಡಿದವರು. “ಮೀರಿದೆ ಅಂದರಲ್ಲ ಪುಟ್ಟಿ, ಅಳೆದವರು ಯಾರು? ಹೇಗೆ ಅಳೆದರು?” ಎಂದು ಕೇಳಿದರು. ಆಮೇಲೆ ಹಳೆಯದೊಂದು ಕತೆ ಹೇಳಿದರು. ಅವರ ಜೊತೆಗಿದ್ದ ಹೊಸ ಗಣತಿದಾರನೊಬ್ಬ ಒಂದು ವಠಾರಕ್ಕೆ ಹೋಗಿದ್ದ. ಎಂಟು ಮನೆ, ನಡುವೆ ಒಂದು ಬಾವಿ. ಪ್ರತಿ ಮನೆಯಲ್ಲೂ “ಬಾವಿ ಇದೆಯೇನಮ್ಮ?” ಎಂದು ಕೇಳಿದ. ಪ್ರತಿ ಮನೆಯವರೂ “ಇದೆ” ಎಂದರು. ಯಾರೂ ಸುಳ್ಳು ಹೇಳಲಿಲ್ಲ. ಸಂಜೆ ಕೂಡಿಸಿ ನೋಡಿದರೆ ವಠಾರದಲ್ಲಿ ಎಂಟು ಬಾವಿ!

ಫೋನಿನ ಆ ತುದಿಯಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ.

ಬೆಳಗಾಗುತ್ತಲೇ ಅವಳು ಅದೇ ಲೆಕ್ಕವನ್ನು ತನ್ನ ವಿಭಾಗದ ಯಂತ್ರವೊಂದರಲ್ಲಿ ಓಡಿಸಿ, ತಾನೇ ಅಳೆಯಲು ಕುಳಿತಳು. ಮೆಮೊರಿಯನ್ನು ಅಳೆಯುವ ಕೋಲು ಒಂದಲ್ಲ ಎಂಬುದು ಅವಳಿಗೆ ಅರಿವಾದದ್ದು ಆಗಲೇ.

ಮೊದಲನೆಯ ಕೋಲು ಪ್ರೋಗ್ರಾಮ್ ಕಾದಿರಿಸಿಕೊಂಡ ವಿಳಾಸಗಳನ್ನೆಲ್ಲ ಎಣಿಸುತ್ತದೆ. ಇದು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಹಿಡಿದ ಸೀಟುಗಳನ್ನು ಎಣಿಸಿದ ಹಾಗೆ. ಟವೆಲ್ ಹತ್ತಿದ್ದರೂ ಕೂರುವವರು ನಾಲ್ಕೇ ಮಂದಿ ಇರಬಹುದು. ಬಸ್ಸಿನಲ್ಲಾದರೆ ಟವೆಲ್ ಇದ್ದ ಸೀಟು ಬೇರೆಯವರಿಗೆ ಸಿಗದು. ಕಂಪ್ಯೂಟರಿನಲ್ಲಿ ಹಾಗಲ್ಲ, ಬಳಸುವವರೆಗೆ ನಿಜವಾದ ಜಾಗ ಕೊಡುವುದೇ ಇಲ್ಲ. ಹೀಗಾಗಿ ಈ ಸಂಖ್ಯೆ ನೋಡಿ ಗಾಬರಿಪಡಬೇಕಿಲ್ಲ.

ಎರಡನೆಯ ಕೋಲು ನಿಜವಾಗಿ ಕೂತವರನ್ನು ಎಣಿಸುತ್ತದೆ. ಮೆಮೊರಿಯನ್ನು ಸಾಮಾನ್ಯವಾಗಿ 4096 ಬೈಟುಗಳ ‘ಪುಟ’ಗಳಾಗಿ ಹಂಚಲಾಗುತ್ತದೆ. ಒಂದು ಪ್ರೋಗ್ರಾಮಿನ ಎಷ್ಟು ಪುಟಗಳು ಈಗ ಮೇಜಿನ ಮೇಲಿವೆ ಎಂಬ ಎಣಿಕೆ ಇದು. ಒಂಟಿ ಪ್ರೋಗ್ರಾಮಿಗೆ ಒಳ್ಳೆಯ ಅಳತೆ. ಆದರೆ ಅವಳ ಲೆಕ್ಕ ಒಂಟಿಯಲ್ಲ. ತಾಯಿ ಪ್ರೋಗ್ರಾಮೊಂದು ಉಪಕರಣದ ನಕ್ಷೆ, ಕಾಂತಕ್ಷೇತ್ರದ ಕೋಷ್ಟಕ ಎಲ್ಲವನ್ನೂ ಒಮ್ಮೆ ಓದಿಕೊಂಡು, ಆಮೇಲೆ ತನ್ನಂತಹದೇ ಮಕ್ಕಳನ್ನು ಹುಟ್ಟಿಸುತ್ತಿತ್ತು. ತಾಯಿಯೂ ಸೇರಿ ಎಂಟು. ಆ ಕೋಷ್ಟಕಗಳನ್ನು ಯಾರೂ ತಿದ್ದದಿರುವ ತನಕ ಎಂಟಕ್ಕೂ ಒಂದೇ ಪ್ರತಿ ಸಾಕು. ಅದೇ ವಠಾರದ ಬಾವಿ.

ಅವಳ ಹಾಳೆಯಲ್ಲಿದ್ದ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಒಂದೊಂದರ ಮೇಜಿನ ಮೇಲೂ 2.6 ಗಿಗಾಬೈಟ್ ಇತ್ತು. ಎಂಟನ್ನು ಕೂಡಿಸಿದರೆ 20.8. ಹದಿನಾರನ್ನು ಮೀರಿತು, ಕಾವಲಿನವನು ಕೊಂದ. ಆದರೆ ಆ 2.6ರಲ್ಲಿ 1.4 ಎಲ್ಲರಿಗೂ ಸೇರಿದ್ದು, ಸ್ವಂತದ್ದು 1.2 ಮಾತ್ರ. ಎಂಟು ಸಲ 1.2 ಎಂದರೆ 9.6, ಅದಕ್ಕೆ ಬಾವಿಯ 1.4 ಒಂದೇ ಸಲ ಸೇರಿಸಿದರೆ ಹನ್ನೊಂದು. ಕೇಳಿದ್ದು ಹದಿನಾರು, ಉಂಡದ್ದು ಹನ್ನೊಂದು!

ಇದನ್ನು ಸರಿಯಾಗಿ ಹೇಳುವ ಮೂರನೆಯ ಕೋಲೂ ಇದೆ. ಹಂಚಿಕೊಂಡ ಪುಟವನ್ನು ಹಂಚಿಕೊಂಡವರ ಸಂಖ್ಯೆಯಿಂದ ಭಾಗಿಸಿ, ಒಬ್ಬೊಬ್ಬರ ಲೆಕ್ಕಕ್ಕೂ ಅವರ ಪಾಲನ್ನಷ್ಟೇ ಬರೆಯುವುದು. ಎಂಟು ಮನೆಗೂ ಎಂಟನೆಯ ಒಂದು ಭಾಗ ಬಾವಿ. ಲಿನಕ್ಸ್‌ನಲ್ಲಿ ಈ ಅಳತೆ 2008ರ ಏಪ್ರಿಲ್‌ನ 2.6.25 ಆವೃತ್ತಿಯಿಂದ ಸಿಗುತ್ತಿದೆ. ಅದೇ ಆವೃತ್ತಿಯಲ್ಲಿ ಒಂದು ಲೆಕ್ಕದ ಇಡೀ ಸಂಸಾರವನ್ನು ಒಂದು ಗುಂಪಾಗಿ ಕಟ್ಟಿ, ಗುಂಪಿನ ಒಟ್ಟು ಮೆಮೊರಿಗೆ ಮಿತಿ ಹಾಕುವ ವ್ಯವಸ್ಥೆಯೂ ಬಂತು. ಐಬಿಎಂನಲ್ಲಿದ್ದ ಬಲ್ಬೀರ್ ಸಿಂಗ್ ಅದರ ಮುಖ್ಯ ಕರ್ತೃಗಳಲ್ಲೊಬ್ಬರು. ಗುಂಪಿನೊಳಗೆ ಪ್ರತಿ ಪುಟವೂ ಒಂದೇ ಸಲ ಎಣಿಕೆಯಾಗುತ್ತದೆ.

ಹುಡುಗಿ ತನ್ನ ಹಾಳೆಯನ್ನು ಕೇಂದ್ರದವರಿಗೆ ಕಳುಹಿಸಿದಳು. ಅವರು ನೋಡಿ, ಒಪ್ಪಿ, ಗುಂಪಿನ ಎಣಿಕೆ ಇರುವ ಯಂತ್ರಗಳಿಗೆ ಅವಳ ಲೆಕ್ಕವನ್ನು ತಿರುಗಿಸಿದರು. ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆ ರಾತ್ರಿಯೂ ಲೆಕ್ಕ ಸತ್ತಿತು. ಈ ಸಲ ಆರನೆಯ ಗಂಟೆಗಲ್ಲ, ಕಟ್ಟಕಡೆಗೆ.

ತನ್ನ ಯಂತ್ರದಲ್ಲಿ ಅವಳು ನಿಮಿಷಕ್ಕೊಮ್ಮೆ ಅಳತೆ ತೆಗೆದಿದ್ದಳು. ಎಲ್ಲ ಕಡೆಯೂ ಹನ್ನೊಂದರ ಆಸುಪಾಸೇ ಇತ್ತು. ಎರಡು ಅಳತೆಗಳ ನಡುವೆ ಏನಾಯಿತೆಂದು ಮಾತ್ರ ಹಾಳೆಗೆ ಗೊತ್ತಿರಲಿಲ್ಲ. ಹೊಳೆಯ ಸೇತುವೆಯ ಕಂಬದ ಮೇಲೆ ನೆರೆಯ ಗುರುತು ಉಳಿಯುವುದನ್ನು ನೋಡಿರಬಹುದು. ನೀರು ಇಳಿದರೂ ಗುರುತು ಇಳಿಯದು. ಗುಂಪಿನ ಎಣಿಕೆಯಲ್ಲೂ ಅಂಥ ಗರಿಷ್ಠದ ಗುರುತೊಂದಿದೆ. ಕೇಂದ್ರದವರು ಅದನ್ನು ತೆಗೆದುಕೊಟ್ಟರು. ಅದು ನೆಟ್ಟಗೆ ಹದಿನಾರರಲ್ಲಿ ನಿಂತಿತ್ತು.

ಅಂದರೆ ಕೊನೆಯ ಕೆಲವು ಕ್ಷಣಗಳಲ್ಲಿ ನಿಜವಾಗಿಯೂ ನೆರೆ ಬಂದಿತ್ತು. ಮಕ್ಕಳ ಫಲಿತಾಂಶಗಳನ್ನೆಲ್ಲ ತಾಯಿ ಪ್ರೋಗ್ರಾಮ್ ಒಟ್ಟಿಗೇ ಮೇಜಿನ ಮೇಲೆ ಸುರಿದುಕೊಂಡು ಕೂಡಿಸುತ್ತಿತ್ತು. ಇದು ಅವಳದೇ ತಪ್ಪು. ಒಂದನ್ನು ತೆಗೆದುಕೊಂಡು, ಕೂಡಿಸಿ, ಎತ್ತಿಟ್ಟು, ಆಮೇಲೆ ಇನ್ನೊಂದನ್ನು ತೆಗೆದುಕೊಳ್ಳುವಂತೆ ಬದಲಾಯಿಸಿದಳು. ಹನ್ನೆರಡು ಸಾಲುಗಳ ತಿದ್ದುಪಡಿ. ಮರುರಾತ್ರಿ ಲೆಕ್ಕ ಮುಗಿಯಿತು.

ಮುಂದಿನ ಫೋನು ಬಂದದ್ದು ಹಗಲು ಹೊತ್ತಿನಲ್ಲಿ. “ಕೋಲೂ ತಪ್ಪಿತ್ತಪ್ಪ, ನಾನೂ ತಪ್ಪಿದ್ದೆ” ಎಂದು ನಕ್ಕಳು. “ಎರಡನ್ನೂ ಬೇರೆ ಬೇರೆ ಮಾಡಿ ನೋಡಿದೆಯಲ್ಲ, ಅದೇ ವಿದ್ಯೆ ಕಣಮ್ಮ” ಎಂದರು ತಂದೆ.

ಪ್ರಬಂಧ ಹೊತ್ತಿಗೆ ಸರಿಯಾಗಿ ಒಪ್ಪಿತವಾಯಿತು. ಅದರ ಮೊದಲ ಪುಟಗಳ ಕೃತಜ್ಞತೆಯ ಸಾಲುಗಳಲ್ಲಿ ಪ್ರಾಧ್ಯಾಪಕರ ಹೆಸರುಗಳ ಕೆಳಗೆ ಒಂದು ವಠಾರದ ಬಾವಿಗೂ ವಂದನೆ ಇದೆ. ಓದಿದ ಜರ್ಮನ್ನರಿಗೆ ಅದು ಅರ್ಥವಾಗಿರಲಾರದು. ಮಕ್ಕಳು ‘ನನ್ನ ಕೈಲಾಗದು’ ಎಂದು ಹೇಳಿದಾಗ, ಎಷ್ಟು ಬಂತು ಎಂದು ಕೇಳುವ ಮೊದಲು ಹೇಗೆ ಅಳೆದರು ಎಂದು ಕೇಳುವ ಹಿರಿಯರಿಗೆ ಅರ್ಥವಾದರೆ ಸಾಕು.