ಮನೆಯಲ್ಲೇ ಉಳಿದ ಮಗ



ಮನೆ ಬಿಟ್ಟು ಹೋಗಿ ಮರಳಿ ಬಂದ ಕಿರಿಯ ಮಗನ ಸಾಮತಿ (ಲೂಕ 15) ನಮಗೆಲ್ಲ ಚೆನ್ನಾಗಿ ಗೊತ್ತು. ಆದರೆ ಮನೆಯಲ್ಲೇ ಉಳಿದು ದುಡಿದ ಹಿರಿಯವನ ಬಗ್ಗೆ ನಾವು ಮಾತಾಡುವುದು ಕಡಿಮೆ. ಅಂಥ ಒಬ್ಬ ಮಗನನ್ನು ನಾವು ಕಂಡದ್ದು ಬಿಬಿಸಿಯ ಹಳೆಯ ಹಾಸ್ಯ ಧಾರಾವಾಹಿ 'ಸ್ಟೆಪ್ಟೋ ಅಂಡ್ ಸನ್'ನಲ್ಲಿ.

ರೇ ಗಾಲ್ಟನ್ ಮತ್ತು ಅಲನ್ ಸಿಂಪ್ಸನ್ ಬರೆದ ಇದು 1962ರಲ್ಲಿ ಶುರುವಾಗಿ, ನಡುವೆ ಕೆಲವು ವರ್ಷ ನಿಂತು, 1974ರವರೆಗೆ ನಡೆಯಿತು. ಲಂಡನ್ನಿನ ಶೆಫರ್ಡ್ಸ್ ಬುಷ್‌ನಲ್ಲಿ ಒಂದು ಗುಜರಿ ಅಂಗಳ. ಅಲ್ಲಿ ಇರುವವರು ಹೆಂಡತಿಯನ್ನು ಕಳೆದುಕೊಂಡ ಮುದುಕ ಆಲ್ಬರ್ಟ್, ಮೂವತ್ತು ದಾಟಿದರೂ ಮದುವೆಯಾಗದ ಮಗ ಹೆರಾಲ್ಡ್, ಜೊತೆಗೆ ಹರ್ಕ್ಯುಲಿಸ್ ಎಂಬ ಕುದುರೆ. ಒಳ್ಳೆಯ ಪುಸ್ತಕ, ಸಂಗೀತ, ಸಭ್ಯರ ಸಹವಾಸ ಇವೆಲ್ಲ ಹೆರಾಲ್ಡನ ಕನಸು. ಅವನು ಹೊರಡಲು ನೋಡಿದಾಗಲೆಲ್ಲ ಅಪ್ಪನಿಗೆ ಏನಾದರೊಂದು ಕಾಯಿಲೆ! 1964ರ ಚುನಾವಣೆಯ ದಿನ ಇದು ಪ್ರಸಾರವಾದರೆ ತಮ್ಮ ಮತದಾರರು ಮನೆ ಬಿಟ್ಟು ಬರಲಿಕ್ಕಿಲ್ಲ ಎಂದು ಲೇಬರ್ ನಾಯಕ ಹೆರಾಲ್ಡ್ ವಿಲ್ಸನ್ ಅವರಿಗೇ ಆತಂಕವಾಗಿತ್ತಂತೆ. ಅಷ್ಟು ಜನಪ್ರಿಯ.

ಮೊದಲ ಕಂತಿನಲ್ಲೇ ಹೆರಾಲ್ಡ್ ಮನೆ ಬಿಡಲು ನಿರ್ಧರಿಸುತ್ತಾನೆ. ತನ್ನ ಸಾಮಾನೆಲ್ಲ ಗಾಡಿಗೆ ತುಂಬುತ್ತಾನೆ. ಅಪ್ಪ ಕುದುರೆ ಕೊಡುವುದಿಲ್ಲ. ಮಗ ತಾನೇ ಎಳೆಯಲು ನೋಡುತ್ತಾನೆ, ಗಾಡಿ ಕದಲುವುದಿಲ್ಲ. ಅವನು ಅತ್ತೇಬಿಡುತ್ತಾನೆ. ಹೆರಾಲ್ಡನ ಪಾತ್ರ ಮಾಡಿದ ಹ್ಯಾರಿ ಎಚ್. ಕಾರ್ಬೆಟ್ ಹಾಸ್ಯನಟರಲ್ಲ, ರಂಗಭೂಮಿಯ ನಟ. ಆ ಅಳು ನಿಜವಾದದ್ದೇ ಎನಿಸುತ್ತದೆ. ಕೊನೆಗೆ ಅಪ್ಪನೇ ಸಮಾಧಾನ ಹೇಳಿ ಒಳಗೆ ಕರೆದೊಯ್ಯುತ್ತಾನೆ. ಅಲ್ಲಿಯವರೆಗೆ ನಕ್ಕ ನಾವು ಅಲ್ಲಿ ಸುಮ್ಮನಾದೆವು.

ಲೂಕನ ಕಥೆಯ ತಂದೆ ಕಿರಿಯವನಿಗೆ ಆಸ್ತಿಯ ಪಾಲನ್ನೇ ಕೊಟ್ಟು ಹೋಗಲು ಬಿಟ್ಟ. ಆಲ್ಬರ್ಟ್ ಒಂದು ಕುದುರೆಯನ್ನೂ ಬಿಡಲಿಲ್ಲ. ಅವನಿಗೆ ಮಗನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಒಂಟಿಯಾಗುವ ಭಯ ಆ ಪ್ರೀತಿಯನ್ನು ನುಂಗಿಬಿಟ್ಟಿತ್ತು. ಇತ್ತ ಹೆರಾಲ್ಡನೂ ಉಳಿದ, ಆದರೆ ಉಳಿದ ಪ್ರತಿ ದಿನವನ್ನೂ ಲೆಕ್ಕ ಹಾಕಿ ಅಪ್ಪನನ್ನು ಹಂಗಿಸಿದ. ಸಾಮತಿಯ ಹಿರಿಯ ಮಗನೂ ಹೀಗೆಯೇ ಅಲ್ಲವೇ? ಇಷ್ಟು ವರ್ಷ ದುಡಿದೆ, ನನಗೇನು ಕೊಟ್ಟೆ ಎಂಬುದೇ ಅವನ ಕೊರಗು.

ನಮ್ಮಲ್ಲಿ ಕೆಲವರು ಮಂಗಳೂರು, ಬೆಂಗಳೂರು, ಗಲ್ಫ್ ಎಂದು ಹೋಗಿದ್ದೇವೆ. ಕೆಲವರು ಅಪ್ಪನ ಕೆಮ್ಮು, ಅಮ್ಮನ ಮಂಡಿನೋವು ನೋಡಿ ಇಲ್ಲೇ ಉಳಿದಿದ್ದೇವೆ. ತಂದೆತಾಯಿಯನ್ನು ಗೌರವಿಸುವ ನಾಲ್ಕನೇ ಕಟ್ಟಳೆ ಇಬ್ಬರಿಗೂ ಇದೆ. ದೂರದಲ್ಲಿದ್ದೂ ಗೌರವಿಸಬಹುದು, ಒಂದೇ ಮನೆಯಲ್ಲಿದ್ದೂ ಹಂಗಿಸುತ್ತಲೇ ಇರಬಹುದು. ಮಕ್ಕಳನ್ನು ರೇಗಿಸಬೇಡಿರೆಂದು ಸಂತ ಪೌಲರು ಎಫೆಸದವರ ಪತ್ರದಲ್ಲಿ ತಂದೆಯರಿಗೂ ಬುದ್ಧಿ ಹೇಳಿದ್ದಾರೆ ಎಂಬುದನ್ನು ಹಿರಿಯರೂ ನೆನೆಯಲಿ.

ಆ ಸಾಮತಿಯ ಹಿರಿಯ ಮಗ ಕೊನೆಗೆ ಒಳಗೆ ಹೋದನೋ ಇಲ್ಲವೋ, ಯೇಸುಸ್ವಾಮಿ ಹೇಳಲಿಲ್ಲ. ಆದರೆ ತಂದೆ ಅವನಿಗಾಗಿ ಅಂಗಳಕ್ಕೆ ಬಂದದ್ದನ್ನು ಹೇಳಿದರು. ಈ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಹೋದಾಗ, ಅಥವಾ ಫೋನ್ ಮಾಡಿದಾಗ, ಅಪ್ಪನ ಬಳಿ ಐದು ನಿಮಿಷ ಮಾತಾಡೋಣ, ಲೆಕ್ಕ ಕೇಳದೆ. ನಮ್ಮ ಭಯವನ್ನೂ ಅವರ ಭಯವನ್ನೂ ಪ್ರಭುವಿನ ಕೈಗೆ ಒಪ್ಪಿಸೋಣ.