ಶಾಖೆಗೊಂದು ಬೇಲಿ

ಸಂಸ್ಕೃತವನ್ನು ಬಲ್ಲವರಿಗೆ ಶಾಖೆ ಎಂದೊಡನೆ ಎರಡು ಅರ್ಥಗಳು ಹೊಳೆಯುವುವು. ಒಂದು ಮರದ ಕೊಂಬೆ. ಇನ್ನೊಂದು ವೇದದ ಪಾಠಪರಂಪರೆ. ಈಗ ಮೂರನೆಯ ಅರ್ಥವೊಂದು ರೂಢಿಗೆ ಬಂದಿದೆ. ಅನೇಕರು ಸೇರಿ ಗಣಕಯಂತ್ರದಲ್ಲಿ ಒಂದೇ ಬರಹವನ್ನು ಬೆಳೆಸುವಾಗ, ಒಬ್ಬೊಬ್ಬರು ಬೇರೆಯಾಗಿ ತಿದ್ದುತ್ತಿರುವ ಪ್ರತಿಗೆ ಬ್ರಾಂಚ್, ಎಂದರೆ ಶಾಖೆ, ಎಂದು ಹೆಸರು. ಈ ಮೂರನೆಯ ಶಾಖೆಯ ಕಾವಲನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ನಮಗೆ ಮನಸ್ಸಾಗಿದೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಈ ವಿಷಯವೇಕೆಂದು ಯಾರೂ ಹುಬ್ಬುಗಂಟಿಕ್ಕಬೇಕಾಗಿಲ್ಲ. ಉಗ್ರಾಣದ ಬೀಗದಕೈ ಯಾರ ಸೊಂಟದಲ್ಲಿರಬೇಕೆಂಬ ಪ್ರಶ್ನೆ ಯಾವ ಮನೆಗೆ ತಪ್ಪಿದ್ದು?

ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ಮೇಲೆ ನಾವು ಒಂದು ಸಣ್ಣ ಮಂಡಲಿಯನ್ನು ಸೇರಿದೆವು. ಅಮರಕೋಶದ ಮೂರು ಕಾಂಡಗಳನ್ನೂ ಕನ್ನಡ ಟೀಕೆಯೊಡನೆ ಗಣಕಯಂತ್ರಕ್ಕೆ ಏರಿಸಿ, ಬೇಕಾದವರಿಗೆಲ್ಲ ಉಚಿತವಾಗಿ ದೊರೆಯುವಂತೆ ಮಾಡಬೇಕೆಂಬುದು ಮಂಡಲಿಯ ಸಂಕಲ್ಪ. ಸುಮಾರು 1,500 ಶ್ಲೋಕಗಳು. ಕೆಲಸ ಮಾಡುವವರು ಮೈಸೂರು, ಧಾರವಾಡ, ಬೆಂಗಳೂರುಗಳಲ್ಲಿ ಚದರಿರುವ ಏಳೆಂಟು ಮಂದಿ. ಈ ಬರಹವೆಲ್ಲ ಗಿಟ್ ಎಂಬ ಸಾಧನದ ಆಶ್ರಯದಲ್ಲಿ ಒಂದೇ ಉಗ್ರಾಣದಲ್ಲಿರುತ್ತದೆ. ಗಿಟ್ಟನ್ನು 2005ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಎಂಬವರು ಲಿನಕ್ಸಿನ ಕೆಲಸಕ್ಕಾಗಿ ರಚಿಸಿದರು. ಅಂಥ ಉಗ್ರಾಣಗಳಿಗೆ ನೆಲೆಯಾದ ಗಿಟ್‌ಹಬ್ 2008ರಲ್ಲಿ ತೆರೆಯಿತು. ನಮ್ಮ ಉಗ್ರಾಣದ ಆಡಳಿತವನ್ನು ನಮ್ಮ ಹಳೆಯ ಶಿಷ್ಯನೊಬ್ಬನು ನೋಡಿಕೊಳ್ಳುತ್ತಾನೆ.

ಇದರ ಕ್ರಮ ಕಠಿನವಲ್ಲ. ಶಾಲೆಯ ಮಕ್ಕಳಿಗೆ ಕರಡುಪ್ರತಿ ಒಂದು, ಶುದ್ಧಪ್ರತಿ ಒಂದು ಇರುವಂತೆ ಇಲ್ಲಿಯೂ ಉಂಟು. ಶುದ್ಧಪ್ರತಿಯೇ ಮುಖ್ಯಶಾಖೆ. ಇದನ್ನು ಹಿಂದೆ ಮಾಸ್ಟರ್ ಎನ್ನುತ್ತಿದ್ದರು. 2020ರ ಅಕ್ಟೋಬರಿನಿಂದ ಗಿಟ್‌ಹಬ್ಬಿನ ಹೊಸ ಉಗ್ರಾಣಗಳಲ್ಲಿ ಮೇನ್ ಎಂಬ ಹೆಸರೇ ವಾಡಿಕೆಯಾಗಿದೆ. ತಿದ್ದಬೇಕಾದವನು ತನ್ನದೊಂದು ಶಾಖೆಯನ್ನು ತೆಗೆದು, ಅದರಲ್ಲಿ ತಿದ್ದಿ, ಬಳಿಕ ಅದನ್ನು ಮುಖ್ಯಶಾಖೆಯಲ್ಲಿ ಕೂಡಿಸಿಕೊಳ್ಳಿರೆಂದು ವಿಜ್ಞಾಪಿಸಬೇಕು.

ಮೊದಲ ದಿನಗಳಲ್ಲಿ ನಮ್ಮ ಉಗ್ರಾಣಕ್ಕೆ ಬಾಗಿಲೇ ಇರಲಿಲ್ಲ. ಮಂಡಲಿಯವರಲ್ಲಿ ಯಾರು ಬೇಕಾದರೂ ಶುದ್ಧಪ್ರತಿಯ ಮೇಲೆಯೇ ಬರೆಯಬಹುದಾಗಿತ್ತು. ಹೀಗಿರುವಲ್ಲಿ, ಹೊಸದಾಗಿ ಸೇರಿದ ಉತ್ಸಾಹಿಯೊಬ್ಬರು ತಮ್ಮ ಹಳೆಯ ಪ್ರತಿಯನ್ನು ಬಲವಂತದಿಂದ ಮುಖ್ಯಶಾಖೆಯ ಮೇಲೆ ನೂಕಿದರು. ಇದಕ್ಕೆ ಫೋರ್ಸ್ ಪುಷ್ ಎಂದು ಹೆಸರು. ಅದರಿಂದ ಅಲ್ಲಿದ್ದ ಚರಿತ್ರೆಯೇ ಅಳಿದು, ಮೂರು ವಾರಗಳಲ್ಲಿ ಇತರರು ತಿದ್ದಿದ್ದ ವನೌಷಧಿವರ್ಗವು ಕಣ್ಮರೆಯಾಯಿತು. ಗಿಟ್ಟಿನಲ್ಲಿ ಪ್ರತಿಯೊಬ್ಬನ ನಕಲಿನಲ್ಲಿಯೂ ಅದನ್ನು ತೆಗೆದುಕೊಂಡ ದಿನದವರೆಗಿನ ಚರಿತ್ರೆ ಇರುವುದರಿಂದ, ಧಾರವಾಡದ ಗೆಳೆಯರೊಬ್ಬರ ಯಂತ್ರದಲ್ಲಿ ಉಳಿದಿದ್ದ ಪ್ರತಿಯು ನಮ್ಮ ಮಾನವನ್ನು ಕಾಯಿತು.

ಆಮೇಲೆ ಬೇಲಿ ಬಂದಿತು. 2015ರಿಂದ ಗಿಟ್‌ಹಬ್ಬಿನಲ್ಲಿ ಇದಕ್ಕೆ ಅನುಕೂಲವುಂಟು. ನಾವು ವಿಧಿಸಿಕೊಂಡ ನಿಯಮಗಳಿವು: ಮುಖ್ಯಶಾಖೆಯನ್ನು ಅಳಿಸಕೂಡದು, ಬಲವಂತದಿಂದ ಅದರ ಮೇಲೆ ನೂಕಕೂಡದು, ಯಾವ ತಿದ್ದುಪಡಿಯಾದರೂ ವಿಜ್ಞಾಪನೆಯ ಮೂಲಕವೇ ಬರಬೇಕು, ತಿದ್ದಿದವನನ್ನು ಬಿಟ್ಟು ಇನ್ನೊಬ್ಬನು ಅದನ್ನು ಓದಿ ಒಪ್ಪಬೇಕು, ಒಪ್ಪಿಗೆಯಾದ ಮೇಲೆ ಮತ್ತೇನನ್ನಾದರೂ ಸೇರಿಸಿದರೆ ಹಿಂದಿನ ಒಪ್ಪಿಗೆ ಬಿದ್ದುಹೋಗಬೇಕು. ಇವಲ್ಲದೆ ಯಂತ್ರವೇ ನಡೆಸುವ ಪರೀಕ್ಷೆಯೊಂದುಂಟು. ಅನುಷ್ಟುಪ್ ಶ್ಲೋಕಗಳಲ್ಲಿ ಪಾದಕ್ಕೆ 8 ಅಕ್ಷರಗಳಿವೆಯೆ, ಅನುಸ್ವಾರದ ಸ್ಥಾನದಲ್ಲಿ ಯಾರಾದರೂ ಸೊನ್ನೆಯನ್ನು ಒತ್ತಿದ್ದಾರೆಯೆ ಎಂಬುದನ್ನು ನಮ್ಮ ಶಿಷ್ಯನು ಬರೆದ ವಿಧಿಗಳು ಕ್ಷಣಮಾತ್ರದಲ್ಲಿ ನೋಡಿ ಹೇಳುತ್ತವೆ. ಆ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಬಾಗಿಲು ತೆರೆಯುವುದಿಲ್ಲ.

ಇಷ್ಟರವರೆಗೆ ಎಲ್ಲರಿಗೂ ಸಮ್ಮತವೇ. ತೊಡಕು ಬಂದುದು ಮಂಡಲಿಯ ಹಿರಿಯರಾದ ವಿದ್ವಾಂಸರೊಬ್ಬರ ಮೂಲಕ. ಅವರಿಗೆ ಎಪ್ಪತ್ತು ದಾಟಿದೆ. ಅಮರವು ಆದ್ಯಂತ ಕಂಠಸ್ಥವಾಗಿದೆ. ಮನುಷ್ಯವರ್ಗದಲ್ಲಿ ಶಕೃತ್ ಎಂದಿರಬೇಕಾದಲ್ಲಿ ಯಾರೋ ಸಕೃತ್ ಎಂದು ಒತ್ತಿದ್ದರು. ಸಕೃತ್ ಎಂದರೆ ಒಮ್ಮೆ. ಶಕೃತ್ ಎಂದರೆ ಮಲ. ಅಕ್ಷರಗಳ ಎಣಿಕೆ ಎರಡರಲ್ಲಿಯೂ ಒಂದೇ ಆದಕಾರಣ ಯಂತ್ರಕ್ಕೆ ಸಂಶಯ ಬರಲಿಲ್ಲ. ವಿದ್ವಾಂಸರು ಕಂಡು ತಿದ್ದಿದರು. ಆದರೆ ಒಪ್ಪಿಗೆ ಕೊಡಬೇಕಾದ ತರುಣರಿಬ್ಬರಿಗೂ ತಮ್ಮ ತಮ್ಮ ಕಚೇರಿಯ ಕೆಲಸದಲ್ಲಿ ಬಿಡುವಿಲ್ಲದೆ ಆ ಒಂದಕ್ಷರವು ಹನ್ನೊಂದು ದಿನ ಬಾಗಿಲಲ್ಲಿಯೇ ಕುಳಿತಿತು. ಹನ್ನೆರಡನೆಯ ದಿನ ಅವರು ದೂರವಾಣಿಯಲ್ಲಿ ನಮ್ಮನ್ನು ಕರೆದು, "ಏನು ಮೇಷ್ಟರೆ, ನಲವತ್ತು ವರ್ಷ ಅಮರವನ್ನು ಪಾಠ ಹೇಳಿದವನ ತಿದ್ದುಪಡಿಗೆ ನಿನ್ನೆ ಕಾಲೇಜು ಬಿಟ್ಟ ಹುಡುಗನ ಅಪ್ಪಣೆ ಬೇಕೋ? ಇನ್ನು ನಮ್ಮನ್ನು ಬಿಟ್ಟುಬಿಡಿ" ಎಂದರು.

ಶಿಷ್ಯನಿಗೆ ತಿಳಿಸಿದೆವು. ಅವನು ನೊಂದು, "ಸಾರ್, ಇದಕ್ಕೆ ಉಪಾಯವಿದೆ. ಆಡಳಿತದವರಿಗೂ ವಿನಾಯಿತಿಯಿಲ್ಲ ಅಂತ ಒಂದು ಗುರುತು ಹಾಕಿದ್ದೇನೆ. ಅದನ್ನು ತೆಗೆದು, ನಿಮ್ಮಿಬ್ಬರನ್ನೂ ಆಡಳಿತಕ್ಕೆ ಸೇರಿಸಿಬಿಡುತ್ತೇನೆ. ನೀವು ಹಿರಿಯರು, ನಿಮಗೆ ಬೇಲಿ ಯಾಕೆ?" ಎಂದನು. ಮಾತಿನಲ್ಲಿ ಭಕ್ತಿಯಿತ್ತು. ಆದರೂ ಬೇಡವೆಂದೆವು.

ಏಕೆ ಬೇಡವೆಂದರೆ, ಕಳ್ಳನು ಕಳ್ಳನ ಹೆಸರಿನಲ್ಲಿ ಬರುವುದಿಲ್ಲ. 2021ರ ಮಾರ್ಚ್ 28ರಂದು ಪಿಎಚ್‌ಪಿ ಎಂಬ ಪ್ರಸಿದ್ಧ ಗಣಕಭಾಷೆಯ ಉಗ್ರಾಣದೊಳಕ್ಕೆ ಯಾರೋ ಎರಡು ದುಷ್ಟ ತಿದ್ದುಪಡಿಗಳನ್ನು ನುಗ್ಗಿಸಿದರು. ಅವು ಬಂದುದು ಯಾರ ಹೆಸರಿನಲ್ಲಿ? ಒಂದು, ಆ ಭಾಷೆಯನ್ನು ಹುಟ್ಟಿಸಿದ ರಾಸ್ಮಸ್ ಲೆರ್ಡಾರ್ಫರ ಹೆಸರಿನಲ್ಲಿ; ಇನ್ನೊಂದು, ಅದರ ಪ್ರಮುಖ ಕೆಲಸಗಾರರಾದ ನಿಕಿತಾ ಪೊಪೋವರ ಹೆಸರಿನಲ್ಲಿ. ಅವರಿಬ್ಬರೂ ನಿರಪರಾಧಿಗಳು. ಬೇಗನೆ ಕಂಡುಬಂದುದರಿಂದ ಅನರ್ಥ ತಪ್ಪಿತು. ಬಳಿಕ ಆ ಉಗ್ರಾಣವನ್ನು ಗಿಟ್‌ಹಬ್ಬಿಗೆ ಸಾಗಿಸಿದರು. ಹಿರಿಯರಿಗೆಂದು ಬೇಲಿಯಲ್ಲಿ ಬಿಟ್ಟ ಸಂದಿಯಲ್ಲಿ ಹಿರಿಯರ ಅಂಗವಸ್ತ್ರವನ್ನು ಹೊದ್ದವನೂ ನುಸುಳಬಲ್ಲನು.

ಇನ್ನೊಂದು ಸಂಗತಿಯು ವ್ಯಾಕರಣ ಓದಿದವರ ಮನಸ್ಸಿಗೆ ಹತ್ತುವಂಥದು. 2003ರ ನವೆಂಬರಿನಲ್ಲಿ ಲಿನಕ್ಸಿನ ಮೂಲದ ಒಂದು ನಕಲಿನೊಳಗೆ ಯಾರೋ ಎರಡು ಸಾಲುಗಳನ್ನು ಸೇರಿಸಿದರು. ಆ ಭಾಷೆಯಲ್ಲಿ ಸಮಚಿಹ್ನೆ ಎರಡಿದ್ದರೆ "ಇವನು ಯಜಮಾನನೋ?" ಎಂದು ಕೇಳಿದಂತೆ; ಒಂದೇ ಇದ್ದರೆ "ಇವನನ್ನು ಯಜಮಾನನನ್ನಾಗಿ ಮಾಡು" ಎಂದು ವಿಧಿಸಿದಂತೆ. ಅಲ್ಲಿ ಒಂದೇ ಇತ್ತು. ಆ ತಿದ್ದುಪಡಿಗೆ ಮೂಲ ಉಗ್ರಾಣದಲ್ಲಿ ದಾಖಲೆಯಿರಲಿಲ್ಲವಾದ್ದರಿಂದ ಸಿಕ್ಕಿಬಿದ್ದಿತು. ಒಂದು ಗೀಟಿನಷ್ಟು ಅಂತರದಿಂದ ಅನ್ಯನೊಬ್ಬನು ಮನೆಯ ಯಜಮಾನನಾಗಬಹುದಾದರೆ, ಎಂಥವನು ಬರೆದುದನ್ನೂ ಎರಡನೆಯ ಕಣ್ಣು ನೋಡಬೇಕೆಂಬುದರಲ್ಲಿ ಅವಮಾನವೇನು ಬಂದಿತು?

ಆದರೂ ವಿದ್ವಾಂಸರ ಕೋಪ ನಿಷ್ಕಾರಣವೆಂದು ನಾವು ಹೇಳಲಾರೆವು. ಅವರನ್ನು ನೋಯಿಸಿದುದು ಬೇಲಿಯಲ್ಲ, ಬಾಗಿಲಲ್ಲಿ ಆಳಿಲ್ಲದಿದ್ದುದು. ನಿಯಮವನ್ನು ವಿಧಿಸುವವರು ಅದನ್ನು ನಡೆಸುವ ಹೊಣೆಯನ್ನೂ ಹೊರಬೇಕಷ್ಟೆ. ಇಲ್ಲವಾದರೆ ಒಬ್ಬರು ಮುನಿದು ಹೋಗುವರು. ಇನ್ನೊಬ್ಬರು ಓದದೆಯೇ ಒಪ್ಪಿಗೆ ಒತ್ತುವರು. ಈ ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದು. ಏಕೆಂದರೆ ಬೇಲಿ ಇದೆಯೆಂಬ ನೆಮ್ಮದಿ ಉಳಿದು ಬೆಳೆ ಹಾಳಾಗುತ್ತದೆ.

ಆದಕಾರಣ ಮಂಡಲಿಯವರೆಲ್ಲ ಸೇರಿ ಮೂರು ಏರ್ಪಾಡುಗಳನ್ನು ಮಾಡಿದೆವು. ಒಪ್ಪಿಗೆ ಕೊಡತಕ್ಕವರನ್ನು ಇಬ್ಬರಿಂದ ಐವರಿಗೆ ಏರಿಸಿದೆವು. ಯಾವ ಕಾಂಡಕ್ಕೆ ಯಾರು ಹೊಣೆಗಾರರೆಂಬುದನ್ನು ಕಡತವೊಂದರಲ್ಲಿ ಬರೆದಿಟ್ಟೆವು. ಆ ಕಾಂಡದಲ್ಲಿ ಯಾರಾದರೂ ತಿದ್ದಿದರೆ ಯಂತ್ರವೇ ಹೊಣೆಗಾರರಿಗೆ ಸುದ್ದಿ ಮುಟ್ಟಿಸುತ್ತದೆ. ಮೂರನೆಯದು ಯಂತ್ರದ್ದಲ್ಲ, ಮನುಷ್ಯರದು: ಯಾವ ತಿದ್ದುಪಡಿಯೂ ಎರಡು ದಿನಗಳಿಗಿಂತ ಹೆಚ್ಚಾಗಿ ಕಾಯಕೂಡದು, ಒಪ್ಪದಿದ್ದರೆ ಕಾರಣವನ್ನು ಬರೆಯಬೇಕು. ವಿನಾಯಿತಿಯಿಲ್ಲವೆಂಬ ಗುರುತು ಮಾತ್ರ ಇದ್ದಲ್ಲಿಯೇ ಇದೆ. ನಾವು ತಿದ್ದಿದ್ದನ್ನೂ ಆ ಹುಡುಗರೇ ಓದಿ ಒಪ್ಪುತ್ತಾರೆ.

ಮನುಷ್ಯವರ್ಗವಿರುವ ದ್ವಿತೀಯಕಾಂಡಕ್ಕೆ ಹೊಣೆಗಾರರಾಗಿರಬೇಕೆಂದು ವಿದ್ವಾಂಸರನ್ನು ಅವರ ಮನೆಗೇ ಹೋಗಿ ಪ್ರಾರ್ಥಿಸಿದೆವು. ಕಾಫಿ ಕೊಟ್ಟರು, ಉತ್ತರ ಕೊಡಲಿಲ್ಲ. ಮೂರು ವಾರಗಳಾದ ಮೇಲೆ, ತರುಣನೊಬ್ಬನ ತಿದ್ದುಪಡಿಯ ಕೆಳಗೆ ಅವರ ಹೆಸರಿನಲ್ಲಿ ಎರಡು ಸಾಲುಗಳು ಕಂಡವು: ಲಿಂಗನಿರ್ದೇಶ ತಪ್ಪಿದೆ, ಪುನಃ ನೋಡುವುದು ಎಂದು. ಅಂದಿನಿಂದ ಅವರು ಇತರರ ತಿದ್ದುಪಡಿಗಳನ್ನು ತಪ್ಪದೆ ಓದುತ್ತಿದ್ದಾರೆ. ತಮ್ಮವನ್ನು ಮಾತ್ರ ಅಲ್ಲಿ ಸಲ್ಲಿಸುವುದಿಲ್ಲ. ಕಾರ್ಡಿನ ಮೇಲೆ ಬರೆದು ಅಂಚೆಗೆ ಹಾಕುತ್ತಾರೆ. ಹುಡುಗರು ಅದನ್ನು ಶಾಖೆಯಲ್ಲಿ ಸೇರಿಸಿ ವಿಜ್ಞಾಪಿಸುತ್ತಾರೆ, ನಾವು ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು ಓದಿ ಒಪ್ಪುತ್ತೇವೆ. ಅವರ ಮುನಿಸು ಪೂರ್ತಿ ಇಳಿದಿಲ್ಲ. ಅಮರಕೋಶದ ಕೆಲಸ ನಡೆಯುತ್ತಿದೆ.